ಪಟ್ ಕಡಿಮೆಯಾದ ವರ್ಷ

ನನ್ನ ಮೊಮ್ಮಗಳು ಗಾಲ್ಫ್ ಆಡ್ತಾಳೆ. ಈ ಮಾತನ್ನು ಟೇಕಲ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದರೆ ಜನ ಮೊದಲು ನನ್ನ ಮುಖ ನೋಡ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡ್ತಾರೆ. ನೋಡಲಿ. ನಾನು ಇನ್ನೊಂದು ಸಲ ಹೇಳ್ತೀನಿ. ಈಗ ಹೇಳೋಕೆ ನನಗೆ ಬಾಯಿದೆ. ಹೋದ ವರ್ಷದ ಕೊನೆಯಲ್ಲಿ ಯಾರಾದರೂ ಈ ಮಾತು ಎತ್ತಿದರೆ ಬೆಂಚು ಬಿಟ್ಟು ಎದ್ದು ಹೋಗ್ತಿದ್ದೆ.

ನಮ್ಮ ರೇಷ್ಮೆ ಸೊಪ್ಪಿನ ತೋಟ ಮುಗಿದ ಮೇಲೆ ಒಂದು ಬೇಲಿ. ಬೇಲಿಯಾಚೆ ಕಣ್ಣು ಹಾಯೋವಷ್ಟೂ ಹಸಿರು ಹುಲ್ಲು. ದೊಡ್ಡವರು ಕಾರಲ್ಲಿ ಬಂದು ಅಲ್ಲಿ ಚೆಂಡು ಹೊಡೀತಾರೆ. ನನ್ನ ಹೆಂಡತಿ ಅಲ್ಲಿ ಕಳೆ ಕೀಳೋಕೆ ಕೂಲಿಗೆ ಹೋಗೋಳು. ಭಾನುವಾರ ಮೊಮ್ಮಗಳು ಅಜ್ಜಿ ಸೆರಗು ಹಿಡ್ಕೊಂಡು ಹೋಗೋಳು. ಅಲ್ಲಿನ ಕೋಚ್ ಸಾರ್ ಊರ ಮಕ್ಕಳನ್ನ ಸೇರಿಸ್ಕೊಂಡು ಬಿಟ್ಟಿಯಾಗಿ ಆಟ ಕಲಿಸೋರು. ಇವಳ ಕೈಗೂ ಒಂದು ಕೋಲು ಕೊಟ್ಟರು. ಆಗ ಇವಳು ಆರನೇ ಕ್ಲಾಸು. ಈಗ ಮಾಲೂರಲ್ಲಿ ಮೊದಲನೇ ಪಿಯುಸಿ ಓದ್ತಾಳೆ.

ಇವಳು ನಮ್ಮ ಮಗಳ ಮಗಳು. ಇದ್ದ ಒಬ್ಬಳೇ ಮಗಳನ್ನ ಮುಳಬಾಗಿಲು ಕಡೆ ದೇವರಾಯಸಮುದ್ರಕ್ಕೆ ಕೊಟ್ಟಿದ್ದೆವು. ಎರಡನೇ ಸಲ ಬಸುರಿಯಾಗಿದ್ದಾಗ ಅವಳಿಗೆ ಉಸಿರು ಹಿಡಿಯೋದು. ಬಸುರಿ ಅಲ್ವಾ, ಹಂಗೇ ಆಗುತ್ತೆ ಅಂದರು ಎಲ್ಲರೂ. ನಾವೂ ಅದನ್ನೇ ಅಂದೆವು. ಒಂದು ದಿನ ಬೆಳಗ್ಗೆ ಕೆರೆ ಏರಿ ಹತ್ತುತ್ತಾ ಕೂತವಳು ಏಳಲಿಲ್ಲ. ನಾವು ಬಸ್ಸು ಹಿಡಿದು ಹೋಗೋ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ದರು. ಇವಳಿಗೆ ಮೂರು ವರ್ಷ. ಅಮ್ಮನ ಕಾಲ ಹತ್ತಿರ ಕೂತು ಯಾರೋ ಕೊಟ್ಟ ಬಿಸ್ಕತ್ತು ತಿಂತಾ ಇದ್ದಳು. ಅಳಿಯ ಕೆಟ್ಟೋನಲ್ಲ, ಬೇರೆ ಮದುವೆ ಮಾಡ್ಕೊಂಡ, ಹಬ್ಬಕ್ಕೆ ಬಟ್ಟೆ ಕಳಿಸ್ತಾನೆ. ಹುಡುಗಿ ನಮ್ಮ ಹತ್ತಿರ ಉಳಿದಳು. ಅವತ್ತಿಂದ ನನಗೆ ಒಂದೇ ಹೆದರಿಕೆ. ಇವಳನ್ನಾದರೂ ಉಳಿಸ್ಕೊಳ್ತೀವಾ ಅಂತ. ಮಧ್ಯಾಹ್ನ ಮಲಗಿದ್ದರೂ ಹೋಗಿ ಹೊದಿಕೆ ಏರಿಳಿಯುತ್ತಾ ಅಂತ ನೋಡಿ ಬರ್ತಿದ್ದೆ.

ಆಟದ ಲೆಕ್ಕ ಇವಳು ನನಗೆ ಹೇಳಿಕೊಟ್ಟಿದ್ದು ರೇಷ್ಮೆ ಹುಳಕ್ಕೆ ಸೊಪ್ಪು ಹೆಚ್ಚುವಾಗ. ನಾನು ಹೆಚ್ಚೋದು, ಇವಳು ತಟ್ಟೆಗೆ ಹರವೋದು.

"ತಾತ, ಇದ್ರಲ್ಲಿ ಕಡಿಮೆ ಹೊಡೆದೋರೇ ಗೆದ್ದಂಗೆ. ಗೊತ್ತಾಯ್ತಾ? ಮಾರ್ಕ್ಸ್ ಥರ ಅಲ್ಲ."

"ಲೇ, ನನಗೇನ್ ಹೇಳ್ಕೊಡ್ತೀಯೇ? ನಮ್ಮಪ್ಪ ಚರಕ ಇಟ್ಟು ನೂಲು ಬಿಚ್ಚಿಸ್ತಿದ್ದೋನು. ಒಂದು ಕೇಜಿ ನೂಲಿಗೆ ಎಷ್ಟು ಕೇಜಿ ಗೂಡು ಹೋಯ್ತು ಅಂತ ನೋಡೋದು. ಕಡಿಮೆ ಹೋದ್ರೆ ಒಳ್ಳೇ ಗೂಡು. ಅಷ್ಟೇ ತಾನೇ?"

"ಅಷ್ಟೇ! ಅಜ್ಜೀ, ತಾತಂಗೆ ಅರ್ಥ ಆಗ್ಬಿಡ್ತು!"

"ಆಗ್ದೇ ಏನು," ಅಂದಳು ಒಲೆ ಮುಂದಿನಿಂದ ನನ್ನ ಹೆಂಡತಿ. "ಕಡಿಮೆ ಕೆಲಸ ಮಾಡೋದು ಅಂದ್ರೆ ನಿಮ್ಮ ತಾತಂಗೆ ಬೇಗ ಅರ್ಥ ಆಗುತ್ತೆ."

ಆಮೇಲೆ ಪಟ್ ಅಂದ್ರೇನು ಅಂತ ಹೇಳಿಕೊಟ್ಟಳು. ದೂರದಿಂದ ಹೊಡೆದ ಚೆಂಡು ಕುಳಿ ಇರೋ ನುಣುಪು ಹುಲ್ಲಿನ ಮೇಲೆ ಬಂದು ಬೀಳಬೇಕು. ಆ ಜಾಗಕ್ಕೆ ಗ್ರೀನ್ ಅಂತಾರೆ. ಅಲ್ಲಿಂದ ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸೋದು ಪಟ್. ಹದಿನೆಂಟು ಕುಳಿ. ಒಂದೊಂದಕ್ಕೆ ಎರಡು ತಳ್ಳಿದರೆ ಮೂವತ್ತಾರು ಪಟ್. ಅದಕ್ಕಿಂತ ಕಡಿಮೆಯಾದರೆ ಕೈ ಪಳಗಿದೆ ಅಂತ ಲೆಕ್ಕ.

ನನಗೆ ಆ ಪೂರಾ ಆಟದಲ್ಲಿ ಹಿಡಿಸಿದ್ದು ಇದೊಂದೇ ಸಂಖ್ಯೆ. ಬೇರೆ ಲೆಕ್ಕಕ್ಕೆಲ್ಲ ತಲೆ ಕೆಡಿಸ್ಕೊಳ್ಳಲಿಲ್ಲ. ಇವಳು ಆಡಿ ಬಂದಳು ಅಂದರೆ ಗೇಟಿನ ಹತ್ತಿರವೇ ಕೇಳೋನು: "ಎಷ್ಟಮ್ಮ ಪಟ್ಟು?" ಮೊದಲು ಮೂವತ್ತಾರು ಅಂತಿದ್ದಳು. ಆಮೇಲೆ ಮೂವತ್ಮೂರು. ಮಳೆಗಾಲ ಕಳೆಯೋ ಹೊತ್ತಿಗೆ ಮೂವತ್ತು. ಒಂದು ದಿನ ಇಪ್ಪತ್ತೊಂಬತ್ತು.

ಆ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮಾಲೂರಿಗೆ ಹೋಗಿ ಜಿಲೇಬಿ ತಂದೆ. ಹಾಲಿನ ಡೇರಿಯಲ್ಲಿ ಹಂಚಿದೆ. ಗೂಡು ಮಾರೋಕೆ ಕೋಲಾರಕ್ಕೆ ಹೋದಾಗ ಮಾರ್ಕೆಟ್ಟಲ್ಲಿ ಗುರುತಿಲ್ಲದೋರಿಗೂ ಹೇಳಿದೆ. ಡೇರಿಯ ಹುಡುಗರಿಗೆ ನಾನೊಂದು ತಮಾಷೆಯಾಗಿಬಿಟ್ಟೆ. ಕ್ಯಾನು ಇಳಿಸಿದ ಕೂಡಲೇ, "ಏನ್ ತಾತ, ಇವತ್ತೆಷ್ಟು ಪಟ್ಟು?" ಅನ್ನೋರು. "ಇಪ್ಪತ್ತೊಂಬತ್ತು ಕಣ್ರಲಾ, ನಿಮ್ ಹಾಲಿನ ಫ್ಯಾಟಿಗಿಂತ ಜಾಸ್ತಿ," ಅಂದು ನಾನೂ ನಕ್ಕು ಬರೋನು.

ಆ ನಗುವಿನ ಕೆಳಗೆ ಬೇರೇನೋ ನಡೀತಾ ಇತ್ತು.

ಹುಡುಗಿ ಊಟ ಕಡಿಮೆ ಮಾಡಿದ್ದಳು. ಮುದ್ದೆಯಲ್ಲಿ ಅರ್ಧ ಮುರಿದು ಅಜ್ಜಿ ತಟ್ಟೆಗೆ ಇಡೋಳು. ಕಾಲೇಜಿಂದ ಬಂದ ಕೂಡಲೇ ಚೀಲ ಬಿಸಾಕಿ ಮಲಗೋಳು. ಮಾತು ಕಡಿಮೆಯಾಯಿತು. ನಾನು ಕೇಳಿದೆ, ಏನು ಇವಳಿಗೆ ಅಂತ. ನನ್ನ ಹೆಂಡತಿ ನಿರಾಳವಾಗಿ ಹೇಳಿದಳು:

"ಜ್ವರಕ್ಕೆ ಕೂತಿದ್ದಾಳೆ, ಬಿಡಿ."

ಹುಳ ಸಾಕದ ಮನೆಯವರಿಗೆ ಈ ಮಾತು ಬಿಡಿಸಿ ಹೇಳಬೇಕು. ರೇಷ್ಮೆ ಹುಳ ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಅದಕ್ಕೆ ನಾವು ಜ್ವರ ಅಂತೀವಿ, ಕಾಯಿಲೆ ಅಲ್ಲ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟೋದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಆಗ ಅದನ್ನ ಮುಟ್ಟಬಾರದು, ಸೊಪ್ಪು ಹಾಕಬಾರದು, ಹುಳದ ಮನೆಯಲ್ಲಿ ಜೋರಾಗಿ ಮಾತೂ ಆಡಬಾರದು. ಎದ್ದ ಮೇಲೆ ಅದಕ್ಕೆ ಬರೋ ಹಸಿವು ಎಂಥದ್ದು ಅಂದರೆ ತೋಟ ಸಾಲದು. ನಮ್ಮ ಮನೆಯಲ್ಲಿ ಮೂರು ತಲೆಮಾರಿಂದ ಇದನ್ನೇ ನೋಡಿರೋದು. ಬೆಳೆಯೋ ಜೀವ ತಿನ್ನೋದು ಬಿಟ್ಟು ಸುಮ್ಮನೆ ಮಲಗಿದರೆ ನಮಗೆ ಗಾಬರಿಯಾಗಲ್ಲ, ಸಮಾಧಾನ ಆಗುತ್ತೆ. ಹುಡುಗಿಗೆ ಹದಿನೈದು ತುಂಬಿದೆ, ಮೈ ಕಟ್ಟೋ ವಯಸ್ಸು, ಏಳ್ತಾಳೆ ಬಿಡು ಅಂದುಕೊಂಡೆವು. ಅವಳು ಮಲಗಿದ್ದಾಗ ನಾವು ಪಿಸುಮಾತಲ್ಲಿ ಮಾತಾಡಿಕೊಂಡು, ಕಾಲಿನ ಸದ್ದಾಗದ ಹಾಗೆ ಓಡಾಡಿದೆವು. ಅಷ್ಟು ಪ್ರೀತಿಯಿಂದ ಅವಳ ಕಾಯಿಲೆಯನ್ನ ಕಾಪಾಡಿದೆವು.

ಕಾರ್ತಿಕ ಮಾಸ ಇರಬೇಕು. ಒಂದು ದಿನ ಸಂಜೆ ಕೋಚ್ ಸಾರ್ ಸ್ಕೂಟರಲ್ಲಿ ನಮ್ಮ ಮನೆಗೇ ಬಂದರು. ಹುಳ ಮನೇಲಿದ್ದಾಗ ಹೊರಗಿನವರನ್ನ ಒಳಗೆ ಕರೆಯೋ ಹಾಗಿಲ್ಲ, ರೋಗ ತರ್ತಾರೆ ಅಂತ. ಹೊಸಲಿಗೆ ಸುಣ್ಣದ ಪುಡಿ ಹಾಕಿರ್ತೀವಿ. ಅವರನ್ನ ಜಗಲಿ ಮೇಲೆ ಕೂರಿಸಿ ನನ್ನ ಹೆಂಡತಿ ಕಾಫಿ ತಂದಳು. ನಾನು ಹಲ್ಲು ಬಿಟ್ಟುಕೊಂಡು ಕೇಳಿದೆ:

"ಏನ್ ಸಾರ್, ಇಪ್ಪತ್ತೊಂಬತ್ತು! ಇನ್ನೂ ಇಳಿಸ್ತಾಳಾ?"

ಅವರು ನಗಲಿಲ್ಲ. "ತಾತ, ಅದನ್ನೇ ಮಾತಾಡೋಣ ಅಂತ ಬಂದೆ. ಪಟ್ ಕಡಿಮೆ ಆಗಿರೋದು ಒಳ್ಳೇ ಲಕ್ಷಣ ಅಲ್ಲ."

"ಅದ್ಹೆಂಗ್ ಸಾರ್? ಕಡಿಮೆ ಆದ್ರೆ ಒಳ್ಳೇದು ಅಂತ ತಾನೇ?"

"ಕಡಿಮೆ ಆಗೋಕೆ ಎರಡು ದಾರಿ ಇದೆ. ಒಂದು, ತಳ್ಳೋ ಕೈ ಚೆನ್ನಾಗಾಗಿರಬೇಕು. ಇನ್ನೊಂದು, ಚೆಂಡು ದೂರದಿಂದ ಗ್ರೀನಿಗೆ ಬರದೇ ಈಚೆಗೇ ಬಿದ್ದಿರಬೇಕು. ಈಚೆಗೆ ಬಿದ್ರೆ ಅಲ್ಲಿಂದ ಚಿಕ್ಕದಾಗಿ ಎತ್ತಿ ಕುಳಿ ಪಕ್ಕಕ್ಕೇ ಹಾಕ್ತಾಳೆ. ಆಮೇಲೆ ಒಂದೇ ಪಟ್ ಸಾಕಲ್ವಾ? ಪಟ್ ಎರಡರಿಂದ ಒಂದಾಯ್ತು, ಆದ್ರೆ ಮುಂಚೆ ಒಂದು ಹೊಡೆತ ಜಾಸ್ತಿ ಹೋಗಿದೆ. ಒಟ್ಟು ಲೆಕ್ಕ ಅಷ್ಟೇ ಇರುತ್ತೆ. ಒಟ್ಟು ಬದಲಾಗಲಿಲ್ಲ ಅಂತ ನಾನೂ ಇಷ್ಟು ದಿನ ಗಮನ ಕೊಡಲಿಲ್ಲ."

ನನಗೆ ಅರ್ಥವಾಯಿತು, ಅರ್ಥವಾಗಿದ್ದೇ ಬೇಜಾರಾಯಿತು. ಹಂಚಿದ ಜಿಲೇಬಿ ಬಾಯಲ್ಲಿ ಕಹಿಯಾದ ಹಾಗೆ. ಆದರೂ ಆಟದ ವಿಷಯ ತಾನೇ ಅಂದುಕೊಂಡೆ. ಕೈ ಸೋತಿರಬೇಕು, ಮೊಟ್ಟೆ ತಿನ್ನಿಸಿದರಾಯಿತು.

ಅವರು ಫೋನು ತೆಗೆದು ತೋರಿಸಿದರು. ಮೈದಾನದ ಚಿತ್ರ, ಹದಿನೆಂಟು ಕುಳಿ, ಇವಳ ಚೆಂಡು ಗ್ರೀನಿಗೆ ಬಂದ ಕಡೆ ಹಸಿರು ಚುಕ್ಕೆ, ಬರದ ಕಡೆ ಕೆಂಪು. "ನೋಡಿ, ತಪ್ಪಿದ್ದೆಲ್ಲಾ ಈಚೆಗೇ ಬಿದ್ದಿದೆ. ಎಡಕ್ಕಿಲ್ಲ, ಬಲಕ್ಕಿಲ್ಲ, ಆಚೆಗಂತೂ ಒಂದೂ ಇಲ್ಲ. ಗುರಿ ತಪ್ಪಿಲ್ಲ, ಬಲ ಸಾಲ್ತಿಲ್ಲ. ಅದೂ ಎಲ್ಲಾ ಕುಳಿಯಲ್ಲಿ ಅಲ್ಲ. ಇಲ್ಲಿ, ಇಲ್ಲಿ, ಈ ಎರಡರಲ್ಲಿ, ಇಲ್ಲಿ."

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಆ ಜಾಗ ನನಗೂ ಗೊತ್ತು, ಅದು ಮೈದಾನ ಆಗೋ ಮುಂಚೆ ನಾವು ಹುಲ್ಲು ಕೊಯ್ತಿದ್ದ ಬೋರೆ ದಿಬ್ಬ.

"ಇವೆಲ್ಲಾ ಏರು ಅಲ್ವಾ ಸಾರ್?"

"ಏರೇ. ಏರು ಹತ್ತಿದ ಮೇಲೆ ಹೊಡೆಯೋ ಜಾಗಗಳು. ಅವಳ್ನ ಕೇಳಿದೆ, ಸುಸ್ತು ಅಂದಳು. ಇವತ್ತು ನಾನೇ ಪಕ್ಕದಲ್ಲಿ ನಡೆದೆ. ಅರ್ಧ ಹತ್ತಿ ನಿಂತ್ಕೊಂಡು ಶೂ ಲೇಸು ಕಟ್ಕೊಂಡಳು. ಮತ್ತೆ ಅರ್ಧ ಹತ್ತಿ ಮತ್ತೆ ಕಟ್ಕೊಂಡಳು. ಲೇಸು ಬಿಚ್ಚಿರಲಿಲ್ಲ ತಾತ."

ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿ ಇದನ್ನ ಕೇಳಿಸಿಕೊಂಡಳು. ಅವಳು ಶ್ರೀನಿವಾಸಪುರದ ಕಡೆಯವಳು, ಸಂಕಟ ಬಂದರೆ ಅವಳ ಬಾಯಲ್ಲಿ ತೆಲುಗೇ ಬರೋದು. "ಅಯ್ಯೋ ದೇವುಡಾ," ಅಂತ ಅಲ್ಲೇ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಕೂಸೂ ಹಂಗೇ ನಿಂತ್ಕೊಳ್ತಿತ್ತಲ್ರೀ. ಕೆರೆ ಏರಿ ಮೇಲೆ. ಬಿಂದಿಗೆ ಇಳಿಸಿ ಸೆರಗು ಸರಿ ಮಾಡ್ಕೊಳ್ಳೋಳು. ಸೆರಗು ಸರಿಯಾಗೇ ಇರೋದು," ಅಂದಳು.

ಹುಡುಗಿ ಒಳಗೆ ಮಲಗಿದ್ದಳು. ನಾವು ಮೂವರೂ ಆ ಕಡೆ ತಿರುಗಿ ನೋಡಿದೆವು. ಯಾರೂ ಏಳಲಿಲ್ಲ. ಎದ್ದು ಹೋಗಿ ನೋಡೋಕೆ ಧೈರ್ಯ ಸಾಲದೆ ಕೂತಿದ್ದೆವು.

ಮಾರನೇ ದಿನ ಕೋಲಾರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಆಸ್ಪತ್ರೆಯಲ್ಲಿ ಎಂಥದೋ ಅಂಟು ಹಚ್ಚಿ, ಟೀವಿಯಂಥ ಪರದೆಯಲ್ಲಿ ಇವಳ ಗುಂಡಿಗೆ ಬಡಿಯೋದನ್ನ ತೋರಿಸಿದರು. ಗುಂಡಿಗೆಯೊಳಗೆ ರಕ್ತ ದಾಟೋ ಬಾಗಿಲು ಅಂಟಿಕೊಂಡು ಕಿರಿದಾಗಿದೆ ಅಂದರು ಅಲ್ಲಿನ ಡಾಕ್ಟರಮ್ಮ. ಚಿಕ್ಕವಳಿದ್ದಾಗ ಗಂಟಲು ನೋವು ಬಂದು ಕೀಲು ಊದಿತ್ತಾ ಅಂತ ಕೇಳಿದರು. ಊದಿತ್ತು. ಮಂಡಿ ಊದಿ ಒಂದು ವಾರ ಶಾಲೆಗೆ ಹೋಗಿರಲಿಲ್ಲ. ಅಜ್ಜಿ ಹರಳೆಣ್ಣೆ ನೀವಿದಳು, ಇಳಿಯಿತು. ನಾವು ಮರೆತೆವು. ಗುಂಡಿಗೆ ಮರೆತಿರಲಿಲ್ಲ.

"ಇವಳ ತಾಯಿ?" ಅಂದರು ಡಾಕ್ಟರಮ್ಮ. ಹೇಳಿದೆವು.

ಅವರು ಪೆನ್ನು ಕೆಳಗಿಟ್ಟರು. "ಅವರಿಗೂ ಇದೇ ಇದ್ದಿರಬಹುದು. ಬಸುರಿಯಾದಾಗ ಗುಂಡಿಗೆಗೆ ಭಾರ ಜಾಸ್ತಿ. ಈಗ ಖಂಡಿತವಾಗಿ ಹೇಳೋಕಾಗಲ್ಲ."

"ಹಂಗಾದ್ರೆ ಅವಳ್ನೂ ಉಳಿಸ್ಕೊಬೋದಿತ್ತಾ ಅಮ್ಮ?" ನನ್ನ ಹೆಂಡತಿ ಕೇಳಿದಳು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಅವಳ ಕೈ ಮೇಲೆ ತಮ್ಮ ಕೈ ಇಟ್ಟರು. ಅಷ್ಟು ವರ್ಷ ಹಣೆಬರಹ ಅಂತ ಹೇಳಿಕೊಂಡು ಹೇಗೋ ನಡೆದು ಬಂದಿದ್ದೆವು. ಅವತ್ತು ಆ ಆಸರೆಯೂ ಹೋಯಿತು. ಆಸ್ಪತ್ರೆ ಹೊರಗಿನ ಹೊಂಗೆ ಮರದ ಕೆಳಗೆ ಕೂತು ನನ್ನ ಹೆಂಡತಿ ಮಗಳಿಗೋಸ್ಕರ ಅತ್ತಳು, ಹೊಸದಾಗಿ ಸತ್ತವಳಿಗೆ ಅಳೋ ಹಾಗೆ. ಮೊಮ್ಮಗಳು ಅವಳ ಪಕ್ಕದಲ್ಲಿ ಕೂತು, "ಅಜ್ಜೀ, ನಾನಿದೀನಲ್ಲ, ಇಲ್ನೋಡು, ಇಲ್ನೋಡು," ಅಂತಿದ್ದಳು. ಇದ್ದಾಳೆ, ಇನ್ನೆಷ್ಟು ದಿನ ಅನ್ನೋದು ನನಗೆ ಗೊತ್ತಿರಲಿಲ್ಲ.

ತೊಡೆಯ ನರದಿಂದ ಕೊಳವೆ ತೂರಿಸಿ, ಗುಂಡಿಗೆ ಬಾಗಿಲ ತನಕ ಒಯ್ದು, ಅಲ್ಲಿ ಬಲೂನು ಊದಿ ಆ ಬಾಗಿಲು ಅಗಲ ಮಾಡ್ತೀವಿ ಅಂದರು. ಹರಿದರೆ? ಅಂತ ಕೇಳಿದೆ. ಹರಿಯೋದೂ ಉಂಟು, ಆಗ ಎದೆ ತೆರೆಯಬೇಕಾಗುತ್ತೆ ಅಂದರು. ಹೆಬ್ಬೆಟ್ಟು ಒತ್ತೋದಿಲ್ಲ ಸಾರ್, ನನಗೆ ರುಜು ಬರುತ್ತೆ ಅಂತ ಜಂಬದಿಂದ ಹೇಳೋ ನನಗೆ ಅವತ್ತು ರುಜು ಹಾಕೋಕೆ ಹೋಗಿ ಪೆನ್ನು ಹಿಡಿಯೋಕೇ ಆಗಲಿಲ್ಲ. ನಮ್ಮ ಜೊತೆಗೇ ಬಂದಿದ್ದ ಕೋಚ್ ಸಾರ್ ನನ್ನ ಮುಂಗೈ ಹಿಡಿದುಕೊಂಡರು.

ಇತ್ತ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಎದ್ದ ಹುಳಕ್ಕೆ ಬೆಳಗ್ಗೆ ಸಂಜೆ ಬುಟ್ಟಿಗಟ್ಟಲೆ ಸೊಪ್ಪು ಬೇಕು. ಪಕ್ಕದ ಮನೆಯವರು ಕೈಲಾದಷ್ಟು ಹಾಕಿದರು. ನಾವು ವಾಪಸ್ಸು ಬಂದಾಗ ಅರ್ಧಕ್ಕರ್ಧ ಹುಳ ಮೆತ್ತಗಾಗಿ ಕಪ್ಪಗೆ ನೇತಾಡ್ತಿದ್ದವು, ಮನೆಯೆಲ್ಲಾ ಕೊಳೆತ ವಾಸನೆ. ತಟ್ಟೆ ತಟ್ಟೆಯಾಗಿ ಹೊತ್ತುಕೊಂಡು ಹೋಗಿ ಹಿತ್ತಲ ಗುಂಡಿಯೊಳಗೆ ಸುರಿದೆ. ಹುಳ ಸತ್ತರೆ ನಮ್ಮ ಮನೆಯಲ್ಲಿ ಅವತ್ತು ಒಲೆ ಹಚ್ಚೋ ಮನಸ್ಸಾಗಲ್ಲ. ಆದರೆ ಅವತ್ತು ಮಣ್ಣು ಎಳೀತಾ ನಾನು ದೇವರಿಗೆ ಕೈ ಮುಗಿದೆ. ಹೋಗೋದಿದ್ರೆ ಇವೇ ಹೋಗಲಿ ಸ್ವಾಮಿ ಅಂದೆ. ಯಾಕೆ ಅಂದರೆ ಒಳಗೆ, ಚಾಪೆ ಮೇಲೆ, ಗೋಡೆಗೆ ಒರಗಿ ಹುಡುಗಿ ಕೂತಿದ್ದಳು. ಅವಳ ಗುಂಡಿಗೆ ಬಾಗಿಲು ಹರಿಯದೆ ತೆರೆದಿತ್ತು.

ಅಲ್ಲಿಗೇ ಎಲ್ಲಾ ಮುಗಿಯಿತು ಅಂತ ಹೇಳೋಕಾಗಲ್ಲ. ಆ ಗಂಟಲು ನೋವಿನ ರೋಗ ಮತ್ತೆ ಗುಂಡಿಗೆಗೆ ಇಳೀಬಾರದು ಅಂತ ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಇಂಜೆಕ್ಷನ್ನು, ಇನ್ನೂ ಎಷ್ಟೋ ವರ್ಷ. ಆ ಔಷಧಿ ಗಟ್ಟಿ, ಚುಚ್ಚಿದ ಕಡೆ ಗಡ್ಡೆ ಕಟ್ಟುತ್ತೆ. ಅವತ್ತೆಲ್ಲಾ ಕುಂಟ್ತಾಳೆ. ಬಾಗಿಲು ಮತ್ತೆ ಕಿರಿದಾಗಬಹುದು ಅಂತ ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಾರೆ. ಮದುವೆ ಮಾತು ಬಂದಾಗ ಮೊದಲು ನಮ್ಮ ಹತ್ತಿರ ಕರ್ಕೊಂಡು ಬನ್ನಿ ಅಂದಿದ್ದಾರೆ. ಆ ಮಾತು ಕೇಳಿದ ಮೇಲೆ ನನ್ನ ಹೆಂಡತಿ ಇವಳ ಮದುವೆಗೆ ಅಂತ ಎತ್ತಿಟ್ಟಿದ್ದ ಸೀರೆ ತೆಗೆದು ನೋಡೋದನ್ನ ಬಿಟ್ಟಿದ್ದಾಳೆ.

ಆಟಕ್ಕೆ ಹೋಗಬಹುದು ಅಂತ ಡಾಕ್ಟರು ಒಪ್ಪಿದ ಮೇಲೂ ಕೋಚ್ ಸಾರ್ ಬಹಳ ದಿನ ಸುಮ್ಮನೆ ನಡೆಸಿದರು. ಒಂದು ಕುಳಿ, ಎರಡು ಕುಳಿ. ಯಾವ ಲೆಕ್ಕವನ್ನೂ ಫೋನಿಗೆ ಹಾಕಲಿಲ್ಲ. ಮೊನ್ನೆ ಅಲ್ಲೇ ಮಕ್ಕಳ ಪಂದ್ಯ ಇತ್ತು, ಹದಿನೆಂಟೂ ಕುಳಿ ಆಡೋದು. ನಾನು ಛತ್ರಿ ಹಿಡ್ಕೊಂಡು ಹಗ್ಗದಾಚೆ ಅವಳ ಜೊತೆಜೊತೆಗೇ ನಡೆದೆ. ಬೋರೆ ಏರಲ್ಲಿ ನನಗೇ ಏದುಸಿರು ಬಂತು. ಅವಳು ನಿಲ್ಲಲಿಲ್ಲ. ಮೇಲೆ ಹೋಗಿ ಹೊಡೆದಳು. ಚೆಂಡು ಗ್ರೀನಿನ ಮೇಲೆ ಬಿತ್ತು, ಬಿದ್ದು ಆಚೆ ತುದಿಗೆ ಉರುಳಿತು. ನಾನು ಹಗ್ಗ ಹಿಡಿದುಕೊಂಡು ನಿಂತುಬಿಟ್ಟೆ. ಮುಂದಿನ ಏರಲ್ಲೂ ಅಷ್ಟೇ. ದೂರ ಬೀಳ್ತಿದೆ, ದೂರ ಬೀಳ್ತಿದೆ! ಪಕ್ಕದಲ್ಲಿದ್ದ ಯಾರೋ ದೊಡ್ಡ ಮನುಷ್ಯರ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. ಅವರು ಪಾಪ, "ವೆರಿ ಗುಡ್, ವೆರಿ ಗುಡ್," ಅಂದರು.

ಆದರೆ ಅಲ್ಲಿಂದ ತಳ್ಳಿದ್ದೆಲ್ಲಾ ಕುಳಿ ಪಕ್ಕದಲ್ಲೇ ಹಾದು ಹೋಯಿತು. ಎರಡು ಸಲ, ಮೂರು ಸಲ. ಅಷ್ಟು ತಿಂಗಳು ಕೈ ಬಿಟ್ಟಿದ್ದಕ್ಕೆ ಅಳತೆ ಹೋಗಿತ್ತು. ಕೊನೆಗೆ ಹಿಂದಿನಿಂದ ಎರಡನೆಯವಳಾಗಿ ಮುಗಿಸಿದಳು. ಟೋಪಿ ತೆಗೆದು ನೆಲಕ್ಕೆ ಬಡಿದು ಬಂದಳು. ಮುಖ ಕೆಂಪಾಗಿತ್ತು, ಸಿಟ್ಟಿಗೆ.

"ಮೂವತ್ತೊಂಬತ್ತು ಪಟ್ ಕಣ್ ತಾತ! ಥೂ! ಚಿಕ್ ಮಕ್ಕಳೂ ಹಿಂಗ್ ಆಡಲ್ಲ."

ನಾನು ನಗ್ತಾ ಇದ್ದೆ. ತಡೆಯೋಕಾಗಲಿಲ್ಲ. ಕಣ್ಣಲ್ಲಿ ನೀರು ಇಳೀತಿತ್ತು, ಬಾಯಿ ನಗ್ತಿತ್ತು.

"ಸೋತ್ ಬಂದಿದೀನಿ, ನಗ್ತೀಯಲ್ಲ ನೀನು? ಅಜ್ಜೀ, ನೋಡು ಈ ಮನುಷ್ಯನ್ನ!"

ಕಳೆ ಕೀಳೋ ಹೆಂಗಸರ ಜೊತೆ ನೆರಳಲ್ಲಿ ನಿಂತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಕೂಗಿದಳು: "ಏಮಯ್ಯಾ, ಹುಚ್ಚಾ ನಿಮಗೆ? ಮಗು ಅಳ್ತೈತೆ, ನಗ್ತೀರಾ?" ಅವಳೂ ನಗ್ತಾನೇ ಇದ್ದಳು.

"ಹೋಗ್ರಪ್ಪ, ಇಬ್ಬರೂ ಮನೆಗೆ ಹೋಗಿ," ಅಂದಳು ಹುಡುಗಿ. "ನಾನು ಪಟ್ ಅಭ್ಯಾಸ ಮಾಡ್ಬೇಕು. ನಾನು ಬರೋದು ಲೇಟಾಗುತ್ತೆ, ಕಾಯ್ಬೇಡಿ." ಕೋಲು ಹೆಗಲಿಗೆ ಹಾಕಿಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ, ಬಿಸಿಲಲ್ಲಿ ದಾಪುಗಾಲು ಹಾಕಿಕೊಂಡು ಹೊರಟುಹೋದಳು.

ಯುಗಾದಿ ಕಳೆದ ಮೇಲೆ ಮತ್ತೆ ಬೆಂಗಳೂರಿಗೆ ಹೋಗಿ ಆ ಪರದೆಯಲ್ಲಿ ಗುಂಡಿಗೆ ನೋಡಬೇಕು. ಬಾಗಿಲು ಎಷ್ಟು ಅಗಲ ಇದೆ ಅಂತ ಅಲ್ಲಿ ಒಂದು ಸಂಖ್ಯೆ ಬರುತ್ತೆ. ಅದು ಏನು ಹೇಳುತ್ತೋ ನನಗೆ ತಿಳಿಯದು. ಅವತ್ತು ಹೆಂಡತಿಯನ್ನ ಮನೆಗೆ ಕಳಿಸಿ ನಾನು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತೆ. ಹುಡುಗಿ ಬಗ್ಗಿ ತಳ್ಳೋದು, ತಪ್ಪೋದು, ಬೈಕೊಳ್ಳೋದು, ಚೆಂಡು ಎತ್ತಿಕೊಂಡು ಬಂದು ಮತ್ತೆ ತಳ್ಳೋದು. ಹೊಟ್ಟೆ ಹಸಿದಿತ್ತು. ಏಳೋ ಮನಸ್ಸಾಗಲಿಲ್ಲ.